ಒಂದೇ ದಿನ ಸೇರಿದರೂ ಬೇಸ್ ಬೇರೆ ಬೇರೆ ಯಾಕೆ?

ಪ್ರಶ್ನೆ: ಮಗಳು ಈಗಷ್ಟೇ ಒಂದು ಏರ್‌ಲೈನ್‌ಗೆ ಏರ್‌ಬಸ್ ಕೋ-ಪೈಲಟ್ ಆಗಿ ಸೇರಿದ್ದಾಳೆ. ಊರಿಗೆ ಹತ್ತಿರ ಅಂತ ಹೈದರಾಬಾದ್ ಬೇಸ್ (ಡ್ಯೂಟಿ ಶುರುವಾಗುವ ಊರು) ಕೇಳಿದ್ದಳು, ದಿಲ್ಲಿ ಕೊಟ್ಟಿದ್ದಾರೆ. ಅದೇ ದಿನ ಸೇರಿದ ಹುಡುಗನಿಗೆ ಹೈದರಾಬಾದ್ ಸಿಕ್ಕಿದೆ. ಇದು ಸರಿಯಾ? ಕಂಪನಿ ಬದಲಿಸಿದರೆ ಹೇಗೆ? ಕಲಬುರಗಿಯಲ್ಲೇ ಬೇಸ್ ಸಿಗಲ್ವಾ?
– ಒಬ್ಬ ತಾಯಿ, ಕಲಬುರಗಿ

ಉತ್ತರ: ಬೇಜಾರು ಮಾಡ್ಕೋಬೇಡಿ ತಾಯಿ. ಮಗಳಲ್ಲಿ ಕೊರತೆ ಕಂಡು ದಿಲ್ಲಿ ಕೊಟ್ಟಿದ್ದಲ್ಲ. ಎಲ್ಲಿ ಪೈಲಟ್‌ಗಳು ಕಡಿಮೆ ಇದ್ದಾರೋ ಅಲ್ಲಿಗೆ ಹೊಸಬರನ್ನು ಹಾಕುತ್ತಾರೆ. ಯಾವ ಊರು ಬೇಕು ಅಂತ ಕೇಳುವುದೂ ಉಂಟು. ಆದರೆ ಹೈದರಾಬಾದ್‌ನಲ್ಲಿ ಎರಡೇ ಜಾಗ ಖಾಲಿ, ಕೇಳಿದವರು ಒಂಬತ್ತು ಮಂದಿ ಅಂದುಕೊಳ್ಳಿ. ಆಗ ಸೀನಿಯಾರಿಟಿ ಪಟ್ಟಿ ನೋಡುತ್ತಾರೆ.

ಒಂದೇ ದಿನ ಸೇರಿದವರಿಗೂ ಆ ಪಟ್ಟಿಯಲ್ಲಿ ಬೇರೆ ಬೇರೆ ನಂಬರ್ ಇರುತ್ತದೆ. ಕೆಲವು ಕಂಪನಿಗಳು ವಯಸ್ಸು ನೋಡುತ್ತವೆ, ಕೆಲವು ತರಬೇತಿಯ ಅಂಕ. ಹುಡುಗ ಒಂದೇ ನಂಬರ್ ಮುಂದಿದ್ದರೂ ಸಾಕು, ಜಾಗ ಅವನದು. ಇದು ಡಿಜಿಸಿಎ (ಕೇಂದ್ರ ಸರ್ಕಾರದ ವಿಮಾನಯಾನ ನಿಯಂತ್ರಣ ಸಂಸ್ಥೆ) ನಿಯಮವಲ್ಲ, ಆಯಾ ಕಂಪನಿಯ ಲೆಕ್ಕ. ಹಾಗಾಗಿ ಮಗಳು ಕಂಪನಿಗೆ ಮೇಲ್ ಹಾಕಿ ಕೇಳಲಿ: ಸೀನಿಯಾರಿಟಿ ಎಣಿಸುವುದು ಸೇರಿದ ದಿನದಿಂದಲೋ, ತರಬೇತಿ ಮುಗಿಸಿ ಲೈನ್ ರಿಲೀಸ್ ಆದ (ಅಂದರೆ ಮಾಮೂಲಿ ಡ್ಯೂಟಿಗೆ ಬಿಟ್ಟ) ದಿನದಿಂದಲೋ? ಬೇಸ್ ವರ್ಗಾವಣೆಗೆ ಯಾವಾಗ ಅರ್ಜಿ ಹಾಕಬಹುದು? ಉತ್ತರ ಬರಹದಲ್ಲೇ ಬರಲಿ. ಬ್ಯಾಚ್‌ನವರು ಹೇಳುವ ಅಂತೆಕಂತೆ ನಂಬಬೇಡಿ.

ಬೇಸ್‌ಗೋಸ್ಕರ ಕಂಪನಿ ಬಿಡುವುದು ಮಾತ್ರ ಬೇಡವೇ ಬೇಡ. ಹೊಸ ಕಡೆ ಕೋ-ಪೈಲಟ್ ಸಾಮಾನ್ಯವಾಗಿ ಪಟ್ಟಿಯ ಕೊನೆಯಿಂದಲೇ ಶುರು ಮಾಡಬೇಕು. ಇಲ್ಲೇ ಇದ್ದರೆ ಪಟ್ಟಿಯಲ್ಲಿ ಮೇಲಿರುವವರು ನಿವೃತ್ತರಾದಂತೆ, ಬಿಟ್ಟುಹೋದಂತೆ ನಂಬರ್ ತಾನಾಗಿ ಮೇಲೇರುತ್ತದೆ. ಮುಂದೆ ಕ್ಯಾಪ್ಟನ್ ತರಬೇತಿಯ ಸರದಿ ಬರುವುದೂ ಈ ನಂಬರ್ ಮೇಲೆಯೇ. (ಸರದಿ ಬಂದರೂ ಕ್ಯಾಪ್ಟನ್ ಆಗಲು ಎಟಿಪಿಎಲ್ ಅನ್ನುವ ಮೇಲಿನ ಹಂತದ ಪೈಲಟ್ ಲೈಸೆನ್ಸ್ ಬೇಕು, ಅದಕ್ಕೆ 1,500 ಗಂಟೆ ಹಾರಾಟ ಆಗಿರಬೇಕು.) ಅಲ್ಲದೆ 2017ರ ಡಿಜಿಸಿಎ ನಿಯಮದ ಪ್ರಕಾರ ಕೋ-ಪೈಲಟ್ 6 ತಿಂಗಳ ನೋಟಿಸ್ ಕೊಡಬೇಕು. ಇಷ್ಟು ವರ್ಷ ಬಿಡುವುದಿಲ್ಲ ಅಂತ ತರಬೇತಿಯ ಬಾಂಡ್ ಬರೆದುಕೊಟ್ಟಿದ್ದರೆ ಅದರ ಹಣ ಬೇರೆ ಕಟ್ಟಬೇಕು.

ಕಲಬುರಗಿ ವಿಮಾನ ನಿಲ್ದಾಣ 2019ರಲ್ಲಿ ಶುರುವಾಯಿತು. ರನ್‌ವೇ 3 ಕಿ.ಮೀ.ಗಿಂತ ಉದ್ದವಿದೆ, ನಮ್ಮ ಭಾಗಕ್ಕೆ ಹೆಮ್ಮೆಯ ವಿಷಯವೇ. ಆದರೆ ಬೇಸ್ ಆಗಲು ಅಷ್ಟೇ ಸಾಲದು. ಸಾಕಷ್ಟು ವಿಮಾನಗಳು ರಾತ್ರಿ ಅಲ್ಲೇ ನಿಲ್ಲಬೇಕು, ರಿಪೇರಿ ತಂಡ ಬೇಕು, ಒಬ್ಬರಿಗೆ ಹುಷಾರಿಲ್ಲ ಅಂದರೆ ಕರೆಯಲು ಸ್ಟ್ಯಾಂಡ್‌ಬೈ ಪೈಲಟ್‌ಗಳು ಬೇಕು. ಸದ್ಯಕ್ಕೆ ಆ ಆಸೆ ಇಟ್ಟುಕೊಳ್ಳಬೇಡಿ.

ಇನ್ನೊಂದು ಮಾತು. ಹೈದರಾಬಾದ್ ಸಿಕ್ಕರೂ ಮನೆಯಿಂದ ಓಡಾಡಲು ಆಗುವುದಿಲ್ಲ. ಸ್ಟ್ಯಾಂಡ್‌ಬೈ ದಿನ ಫೋನ್ ಬಂದ ಕೂಡಲೇ ಹೊರಡಬೇಕು. ಇಲ್ಲಿಂದ 200 ಕಿ.ಮೀ. ದಾಟಿ ಹೈದರಾಬಾದ್ ವಿಮಾನ ನಿಲ್ದಾಣವಿರುವ ಶಂಶಾಬಾದ್ ತಲುಪುವಷ್ಟರಲ್ಲಿ ವಿಮಾನ ಹೊರಟುಹೋಗಿರುತ್ತದೆ. ಯಾವ ಬೇಸ್ ಆದರೂ ಅಲ್ಲೊಂದು ಮನೆ ಮಾಡಲೇಬೇಕು. ದಿಲ್ಲಿಯಲ್ಲಿ ದ್ವಾರಕಾ ಕಡೆ ನೋಡಿ, ವಿಮಾನ ನಿಲ್ದಾಣಕ್ಕೆ ಹತ್ತಿರ. ವರ್ಗಾವಣೆ ಬಂದರೆ ಬಿಡಲು ಸುಲಭವಾಗುವ ಹಾಗೆ 11 ತಿಂಗಳ ಕರಾರು ಮಾಡಿಸಿ. ರಜೆಗೆ ಬಂದಾಗ ಡ್ಯೂಟಿಯ ಹಿಂದಿನ ದಿನವೇ ವಾಪಸ್ ಕಳಿಸಿ. ಸ್ಟಾಫ್ ಟಿಕೆಟ್ (ಕಂಪನಿ ತನ್ನ ನೌಕರರಿಗೆ ಕೊಡುವ ಟಿಕೆಟ್) ನೆಚ್ಚಿಕೊಂಡರೆ ಸೀಟು ಖಾಲಿ ಉಳಿದರಷ್ಟೇ ಜಾಗ.