ಟ್ರಂಕಿನಲ್ಲಿ ಉಳಿದ ಮೂರು ಧೋತರ

ಅಕ್ಕಾ, ನಾನು ದಾವಣಗೆರೆಯವಳು. ವಯಸ್ಸು 34. ಮದುವೆಯಾಗಿ 9 ವರ್ಷ, 6 ವರ್ಷದ ಮಗಳಿದ್ದಾಳೆ. ಯಜಮಾನರ ಊರು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ನನಗೆ ತವರಿನಿಂದ ಬಂದ ಲಿಂಗಪೂಜೆಯ ನೇಮವಿದೆ, ಒಂದು ದಿನವೂ ತಪ್ಪಿಸಿಲ್ಲ. ಯಜಮಾನರಿಗೆ ದೇವರಲ್ಲಿ ನಂಬಿಕೆ ಇಲ್ಲ. ಆದರೆ ನನ್ನ ಪೂಜೆಗೆ ಎಂದೂ ಅಡ್ಡಿ ಮಾಡಿದವರಲ್ಲ. ಪ್ರತಿ ವರ್ಷ ನಮ್ಮ ಮದುವೆಯ ದಿನ ಅವರೇ ಹರಿಹರೇಶ್ವರನ ಗುಡಿಗೆ ಕರೆದುಕೊಂಡು ಹೋಗುತ್ತಾರೆ. ನಾನು ಮಂಗಳಾರತಿ ತೆಗೆದುಕೊಳ್ಳುವವರೆಗೆ ಮಗಳಿಗೆ ಕಂಬಗಳನ್ನು ತೋರಿಸುತ್ತಾ ಕೂರುತ್ತಾರೆ. ನಮ್ಮ ಜಗಳವೆಲ್ಲ ದೀಪಾವಳಿಗೆ ಊರಿಗೆ ಹೋದಾಗ ಮಾತ್ರ.

ಮಾವ ತೀರಿಕೊಂಡು 4 ವರ್ಷವಾಯಿತು. ಪಾಡ್ಯದ ದಿನ ನಮ್ಮಲ್ಲಿ ಹಿರಿಯರ ಪೂಜೆ. ಮಾವ ಇದ್ದಾಗ ಅವರ ಪಕ್ಕ ಕುಳಿತು ಕಾಯಿ ಒಡೆಯುತ್ತಿದ್ದ ಯಜಮಾನರು, ಮಾವ ಹೋದ ಮೇಲೆ ಆ ಕೋಣೆಗೇ ಕಾಲಿಡುವುದಿಲ್ಲ. ಜಗಲಿಯ ಮೇಲೆ ಮೊಬೈಲ್ ಹಿಡಿದು ಕೂರುತ್ತಾರೆ. ಮೈದುನ ಎಡೆ ಇಡುತ್ತಾನೆ. ಹಿರಿಯ ಮಗ ಉಡಲಿ ಎಂದು ಅತ್ತೆ ವರ್ಷಕ್ಕೊಂದರಂತೆ ತಂದು ಪೂಜೆಗೆ ಇಟ್ಟ ಮೂರು ಧೋತರಗಳು ಟ್ರಂಕಿನಲ್ಲೇ ಉಳಿದಿವೆ. ಹೋದ ವರ್ಷ ಓರಗಿತ್ತಿ ಎಲ್ಲರ ಎದುರಿಗೆ, ‘ಭಾವನವರಿಗೆ ದೇವರು ಬೇಡ, ಹೋಳಿಗೆ ಮಾತ್ರ ಬೇಕು’ ಎಂದಳು. ಈಗ ಅತ್ತೆ ಫೋನ್ ಮಾಡಿ, ‘ಅವನು ಎಡೆ ಇಡುವುದಾದರೆ ಬನ್ನಿ, ಇಲ್ಲದಿದ್ದರೆ ಬರಬೇಡಿ. ನೀನು ಸಡಿಲ ಬಿಟ್ಟಿದ್ದಕ್ಕೇ ಅವನು ಹೀಗಾದ’ ಎಂದಿದ್ದಾರೆ. ಈ ಮಾತನ್ನು ಯಜಮಾನರಿಗೆ ಹೇಳಿಲ್ಲ. ರಜೆ ಸಿಗುವುದು ಅನುಮಾನ ಎಂದು ಅತ್ತೆಗೆ ಹೇಳಿದ್ದೇನೆ.

ಒಮ್ಮೆ ರಾತ್ರಿ ಯಜಮಾನರು, ‘ಅಪ್ಪ ಆಸ್ಪತ್ರೆಯಲ್ಲಿ ಬೆಣ್ಣೆದೋಸೆ ಕೇಳಿದರು. ಡಾಕ್ಟರು ಬೇಡವೆಂದರು ಎಂದು ನಾನು ತಂದುಕೊಡಲಿಲ್ಲ. ಈಗ ಫೋಟೊ ಮುಂದೆ ಹೋಳಿಗೆ ಇಟ್ಟರೆ ಏನು ಬಂತು’ ಎಂದಿದ್ದರು. ಮತ್ತೆ ಆ ಮಾತೆತ್ತಿಲ್ಲ. ಅವರಿಂದ ಒತ್ತಾಯವಾಗಿ ಎಡೆ ಇಡಿಸಲೇ? ಮಗಳೊಂದಿಗೆ ನಾನೊಬ್ಬಳೇ ಹೋಗಲೇ? ಗಂಡನಿಗೆ ನಂಬಿಕೆ ಇಲ್ಲದಿದ್ದರೆ ನನ್ನ ಪೂಜೆ ಫಲಿಸುತ್ತದೆಯೇ? ಮಗಳು ಕೂಡ, ‘ಅಪ್ಪ ಕೈ ಮುಗಿಯುವುದಿಲ್ಲ, ನಾನೇಕೆ ಮುಗಿಯಬೇಕು’ ಎನ್ನತೊಡಗಿದ್ದಾಳೆ.

– ಹೆಸರು ಬೇಡ, ದಾವಣಗೆರೆ

ತಂಗೀ,

ನಿಮ್ಮ ಪೂಜೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಆ ಭಯ ಇಟ್ಟುಕೊಂಡು ನೀವು ಇನ್ನೊಂದು ದಿನವೂ ಲಿಂಗವನ್ನು ಅಂಗೈಯಲ್ಲಿ ಹಿಡಿಯಬಾರದು. ಇಷ್ಟಲಿಂಗವನ್ನು ಶರಣರು ಒಬ್ಬೊಬ್ಬರ ಕೈಗೂ ಬೇರೆಬೇರೆಯಾಗಿ ಕೊಟ್ಟರು. ಗಂಡಿಗೆ ಕೊಟ್ಟಂತೆಯೇ ಹೆಣ್ಣಿಗೂ ಕೊಟ್ಟರು. ನಮ್ಮ ಊಟವನ್ನು ಬೇರೆಯವರು ಉಣ್ಣಲಾಗದ ಹಾಗೆ ನಮ್ಮ ಪೂಜೆಯನ್ನೂ ಬೇರೆಯವರು ಮಾಡಲಾಗದು ಎಂಬುದು 12ನೇ ಶತಮಾನದಿಂದ ಈ ನಾಡಿನಲ್ಲಿ ನಡೆದು ಬಂದ ಮಾತು. ಹಾಗಿರುವಾಗ ನಿಮ್ಮ ಪೂಜೆಗೆ ಯಜಮಾನರ ಸಹಿ ಏಕೆ ಬೇಕು? ನೀವು ನಿಶ್ಚಿಂತೆಯಿಂದ ನಿಮ್ಮ ನೇಮ ನಡೆಸಿ. ಗಂಡನ ನಂಬಿಕೆಗೆ ಹೆಂಡತಿ ಜವಾಬ್ದಾರಳು ಎಂಬ ಅತ್ತೆಯವರ ಮಾತನ್ನೂ ನೀವು ತಲೆಯ ಮೇಲೆ ಹೊರಬೇಕಾಗಿಲ್ಲ. ಅವರು ಅದನ್ನು ನೋವಿನಲ್ಲಿ ಆಡಿದ್ದಾರೆ, ಆದರೂ ಅದು ತಪ್ಪು ಮಾತು.

ದೇವರನ್ನು ನಂಬದವನು ದಾರಿ ತಪ್ಪಿದವನು ಎಂಬ ಹೆದರಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದರು. ಅವರು ಖಾದಿ ತೊಟ್ಟು, ಕಾಲೇಜಿನ ಹಾಸ್ಟೆಲಿನ ಕೋಣೆಯೊಂದರಲ್ಲಿ ಸನ್ಯಾಸಿಯಂತೆ ಬದುಕಿದವರು. ಪ್ರಶ್ನೆ ಕೇಳುವವರೆಲ್ಲ ಕೆಟ್ಟುಹೋಗುತ್ತಾರೆ ಎನ್ನುವವರಿಗೆ ಅವರ ಹೆಸರು ಹೇಳಿದರೆ ಸಾಕು. ನಿಮ್ಮ ಯಜಮಾನರಂತೂ ಯಾರ ನಂಬಿಕೆಯನ್ನೂ ಹೀಯಾಳಿಸಿದವರಲ್ಲ. ವರ್ಷವರ್ಷವೂ ಹೆಂಡತಿಯನ್ನು ಹರಿಹರದ ಗುಡಿಗೆ ಕರೆತಂದು, 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಆ ಮಂಟಪದಲ್ಲಿ ಮಗಳಿಗೆ ಕಂಬಗಳ ನುಣುಪು ತೋರಿಸುತ್ತಾ ಕಾಯುವ ಗಂಡಸು ದೇವರ ಮೇಲೆ ಸಿಟ್ಟಿರುವವನಲ್ಲ. ನಿಮ್ಮ ಪತ್ರದಲ್ಲಿ ಈ ಸಾಲು ಓದಿದಾಗ ನನಗೆ ಸಮಾಧಾನವಾಯಿತು. ಅತ್ತೆಯವರಿಗೆ ಇದನ್ನು ಎಂದಾದರೂ ಹೇಳಿದ್ದೀರಾ?

ಹಾಗಾದರೆ ಅವರು ಆ ಕೋಣೆಗೆ ಏಕೆ ಕಾಲಿಡುವುದಿಲ್ಲ? ಉತ್ತರವನ್ನು ನೀವೇ ಬರೆದಿದ್ದೀರಿ. ಅಪ್ಪ ಕೇಳಿದ ಒಂದು ದೋಸೆ. ಅವರಿಗೆ ನಂಬಿಕೆ ಇಲ್ಲವೆಂಬುದು ನಿಜ, ಅದನ್ನು ದುಃಖದ ವೇಷ ಎಂದು ನಾನು ತಳ್ಳಿಹಾಕುವುದಿಲ್ಲ. ಅಪ್ಪ ಇದ್ದಾಗಲೂ ಅವರಿಗೆ ನಂಬಿಕೆ ಇದ್ದಿರಲಾರದು, ಆದರೂ ಪಕ್ಕದಲ್ಲಿ ಕುಳಿತು ಕಾಯಿ ಒಡೆಯುತ್ತಿದ್ದರು. ಈಗ ಕೂರಲಾರದಿರುವುದು ಹಾರ ಹಾಕಿದ ಆ ಫೋಟೊದ ಎದುರಿಗೆ. ವೈದ್ಯರ ಮಾತು ಕೇಳಿದ್ದು ಸರಿಯಾಗಿತ್ತು, ಆದರೆ ಸರಿಯಾದದ್ದನ್ನು ಮಾಡಿದ ಮೇಲೂ ಕೊರಗು ಉಳಿಯುತ್ತದೆ. ನಾಲ್ಕು ವರ್ಷದಿಂದ ಮನೆಯವರೆಲ್ಲ ಅದನ್ನು ನಾಸ್ತಿಕತೆ ಎಂದು ಕರೆಯುತ್ತಿದ್ದೀರಿ. ಅವರೂ ಹಾಗೆ ಕರೆಯಲು ಬಿಟ್ಟಿದ್ದಾರೆ, ಏಕೆಂದರೆ ದೋಸೆಯ ಮಾತು ಆಡುವುದಕ್ಕಿಂತ ದೇವರಿಲ್ಲ ಎನ್ನುವುದು ಸುಲಭ.

ಇನ್ನು ಅತ್ತೆಯವರು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಒಪ್ಪದ ಶರಣರ ಹಾದಿಯಲ್ಲಿ ಹಿರಿಯರಿಗೆ ಎಡೆ ಇಡುವುದು ಎಲ್ಲಿಂದ ಬಂತು ಎಂದು ಯಾರಾದರೂ ವಾದಿಸಬಹುದು. ಆ ವಾದದಲ್ಲಿ ಹುರುಳಿದೆ. ಆದರೆ ಜಗಳೂರಿನ ಆ ಮನೆಯಲ್ಲಿ ಪಾಡ್ಯದ ದಿನ ನಡೆಯುವುದನ್ನು ಒಮ್ಮೆ ನೋಡಿ. ಶಾಸ್ತ್ರ ಎಷ್ಟಿದೆ? ಒಬ್ಬ ಹೆಂಗಸು ತನ್ನ ಗಂಡನಿಗೆ ಇಷ್ಟವಾದದ್ದನ್ನು ಅಡುಗೆ ಮಾಡಿ ಎಲೆಯ ಮೇಲೆ ಬಡಿಸುತ್ತಾಳೆ. ಹೊಸ ಬಟ್ಟೆ ಇಡುತ್ತಾಳೆ. ನಮ್ಮ ತವರಿನಲ್ಲಿ, ಚಿತ್ರದುರ್ಗದ ಹತ್ತಿರದ ಹಳ್ಳಿಯಲ್ಲಿ, ಅಜ್ಜನ ಎಡೆಗೆ ಹೋಳಿಗೆ, ಕಡುಬಿನ ಪಕ್ಕದಲ್ಲಿ ಹೊಗೆಸೊಪ್ಪು ಸುಣ್ಣ ಇಡುತ್ತಿದ್ದರು. ಬದುಕಿದ್ದಾಗ ದಿನವೂ ಅದಕ್ಕಾಗಿ ಬೈಯುತ್ತಿದ್ದ ಅಜ್ಜಿಯೇ ತನ್ನ ಕೈಯಾರೆ ಇಡುತ್ತಿದ್ದಳು. ಅಲ್ಲಿ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುವ ಸ್ವಲ್ಪ ಹೊತ್ತು ನನಗೆ ಈಗಲೂ ನೆನಪಿದೆ. ಯಾರೂ ಮಾತಾಡುತ್ತಿರಲಿಲ್ಲ.

ಆ ಮೂರು ಧೋತರಗಳನ್ನು ಬಿಟ್ಟು ನನ್ನ ಮನಸ್ಸು ಮುಂದೆ ಹೋಗುತ್ತಿಲ್ಲ. ಹಿರಿಯರಿಗೆ ಇಟ್ಟ ಬಟ್ಟೆಯನ್ನು ಆಮೇಲೆ ಮಕ್ಕಳು ಉಡುತ್ತಾರೆ. ಉಟ್ಟುಕೊಂಡು ಮಗ ಎದುರಿಗೆ ಬಂದಾಗ ತಾಯಿಗೆ ಗಂಡನ ಹೋಲಿಕೆ ಕಾಣುತ್ತದೆ, ನಡಿಗೆಯಲ್ಲೋ ಭುಜದಲ್ಲೋ. ನಿಮ್ಮ ಅತ್ತೆ ಮೂರು ವರ್ಷದಿಂದ ಬಟ್ಟೆ ಅಂಗಡಿಗೆ ಹೋಗಿ ಧೋತರ ಆರಿಸಿ, ತಂದು, ಇಟ್ಟು, ಸಂಜೆ ಅದನ್ನು ಮಡಿಕೆ ಬಿಚ್ಚದೆ ಟ್ರಂಕಿಗೆ ಸೇರಿಸಿದ್ದಾರೆ. ಇದು ನಿಮ್ಮ ಯಜಮಾನರಿಗೆ ಗೊತ್ತಿದೆಯೇ ಎಂದು ನೀವು ಬರೆದಿಲ್ಲ. ಗೊತ್ತಿಲ್ಲ ಎಂದೇ ನನ್ನ ಅನಿಸಿಕೆ. ಅವರಿಗೆ ದೋಸೆಯ ಕೊರಗು, ಅವ್ವನಿಗೆ ಧೋತರದ ಕೊರಗು. ಒಬ್ಬರದು ಇನ್ನೊಬ್ಬರಿಗೆ ತಿಳಿಯದು. ನಡುವೆ ನೀವು ರಜೆಯ ನೆಪ ಹೇಳುತ್ತಾ ನಿಂತಿದ್ದೀರಿ.

ಆದ್ದರಿಂದ ಆ ಸುಳ್ಳನ್ನು ಮೊದಲು ನಿಲ್ಲಿಸಿ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೀರಿ, ನನಗೆ ಗೊತ್ತು. ಆದರೆ ತಾಯಿಯ ಮಾತನ್ನು ಮಗನಿಗೆ ಮುಟ್ಟಿಸದೆ, ಮಗನ ಮಾತನ್ನು ತಾಯಿಗೆ ಮುಟ್ಟಿಸದೆ ಇಬ್ಬರನ್ನೂ ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೀರಲ್ಲ, ಅದರಿಂದ ಬೈಗುಳ ನಿಮಗೆ ಬಂತು, ದೂರ ಅವರಿಗೆ ಬೆಳೆಯಿತು. ಇವತ್ತು ರಾತ್ರಿ ಮಗಳು ಮಲಗಿದ ಮೇಲೆ ಅತ್ತೆಯವರ ಫೋನಿನ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿ. ಧೋತರದ ವಿಷಯ ಹೇಳಿ. ಅಷ್ಟು ಹೇಳಿ ಸುಮ್ಮನಾಗಿ. ‘ಎಡೆ ಇಡಿ’ ಎನ್ನಬೇಡಿ, ಕಣ್ಣೀರನ್ನು ಮುಂದಿಡಬೇಡಿ. ಒತ್ತಾಯವಾಗಿ ಎಡೆ ಇಡಿಸಿದರೆ ಅವರಿಗೆ ಅದು ನಾಟಕವಾಗುತ್ತದೆ, ಅತ್ತೆಗೂ ಅದು ತಿಳಿಯುತ್ತದೆ. ಹೆತ್ತವಳಿಗೆ ಮಗನ ಮುಖ ಓದಲು ಬಾರದೇ?

ಆಮೇಲೆ ಅವರು ತಾವೇ ಅವ್ವನಿಗೆ ಫೋನ್ ಮಾಡಬೇಕು. ಇದು ಅವರ ಕೆಲಸ. ‘ಅವ್ವಾ, ನಾನು ಪೂಜೆ ಮಾಡಲಾರೆ. ಮಾಡಿದರೆ ನಿನ್ನೆದುರು ಸುಳ್ಳು ಆಡಿದ ಹಾಗೆ. ಆದರೆ ಹಬ್ಬಕ್ಕೆ ಬರುತ್ತೇನೆ, ಎರಡು ದಿನ ಮೊದಲೇ ಬರುತ್ತೇನೆ’ ಎಂದು ಅವರ ಬಾಯಿಂದಲೇ ಬರಬೇಕು. ಮೂರು ದೀಪಾವಳಿ ಆ ಮಾತನ್ನು ಹೆಂಡತಿಯ ಮೇಲೆ ಹೊರಿಸಿ ಜಗಲಿಯ ಮೇಲೆ ಕುಳಿತದ್ದು ತಪ್ಪು. ಇದನ್ನು ನಾನು ಅವರಿಗೇ ಹೇಳುತ್ತಿದ್ದೇನೆ, ಬೇಕಾದರೆ ಈ ಸಾಲನ್ನು ಅವರಿಗೆ ಓದಿ ಹೇಳಿ.

ಎರಡು ದಿನ ಮೊದಲೇ ಎಂದದ್ದಕ್ಕೆ ಕಾರಣವಿದೆ. ನಿಮ್ಮ ಓರಗಿತ್ತಿಯ ಮಾತು ಚುಚ್ಚಿತು, ನಿಜ. ಆದರೆ ದೀಪಾವಳಿಯ ಹೊತ್ತಿಗೆ ಆ ಭಾಗದಲ್ಲಿ ಮೆಕ್ಕೆಜೋಳದ ಕಾಲ. ಟಾರು ರಸ್ತೆಯ ಮೇಲೆಲ್ಲ ಕಾಳು ಹರವಿರುತ್ತದೆ, ಸಂಜೆ ಮೋಡ ಕವಿದರೆ ಓಡಿಹೋಗಿ ಬಳಿಯಬೇಕು. ಅದರ ನಡುವೆ ಮನೆ ಸಾರಿಸಿ ಸುಣ್ಣ ಬಳಿಯುವುದು, ಹಾಸಿಗೆ ಒಗೆಯುವುದು, ಕಡಲೆಬೇಳೆ ಬೇಯಿಸಿ ಹೂರಣ ರುಬ್ಬುವುದು, ವರ್ಷವಿಡೀ ಅತ್ತೆಯವರ ಔಷಧಿ ನೋಡಿಕೊಳ್ಳುವುದು ಎಲ್ಲವೂ ಅವಳ ಪಾಲು. ನೀವು ಹಬ್ಬದ ಹಿಂದಿನ ಸಂಜೆ ಬಸ್ಸಿಳಿದು ಬರುತ್ತೀರಿ. ಭಾವ ಜಗಲಿಯಲ್ಲಿ ಕೂರುತ್ತಾರೆ. ಅವಳ ಸಿಟ್ಟು ದೇವರ ಬಗ್ಗೆ ಅಲ್ಲವೇ ಅಲ್ಲ ತಂಗೀ. ಪೂಜೆ ಮಾಡದವನನ್ನು ನಮ್ಮ ಜನ ಹೇಗೋ ಸಹಿಸುತ್ತಾರೆ, ಕೆಲಸವನ್ನೂ ಮಾಡದವನನ್ನು ಸಹಿಸುವುದಿಲ್ಲ. ನಿಮ್ಮ ಯಜಮಾನರು ತಮ್ಮನ ಜೊತೆ ರಾಶಿಗೆ ನಿಲ್ಲಲಿ, ಚೀಲ ಹೊರಲಿ, ಬಾಳೆಕಂದು ಮಾವಿನ ಸೊಪ್ಪು ತರಲಿ. ಒಲೆಯ ಮುಂದೆ ನೀವು ನಿಂತು ಓರಗಿತ್ತಿಯನ್ನು ಒಂದು ಗಂಟೆ ಮಲಗಲು ಕಳುಹಿಸಿ. ಮೂರು ವರ್ಷದಿಂದ ಎಡೆ ಇಡುತ್ತಿರುವುದು ಮೈದುನ ಎಂಬುದನ್ನೂ ಮರೆಯಬೇಡಿ. ಹಿರಿಯ ಮಗ ಇಡಲಿಲ್ಲ ಎಂದು ಅದು ಅರೆಬರೆಯಾಯಿತು ಎಂದರೆ ಆ ಹುಡುಗನಿಗೆ ಎಷ್ಟು ನೋವಾಗಬೇಡ? ಅವನೂ ಅದೇ ತಂದೆಯ ಮಗ. ಈ ವರ್ಷವೂ ಅವನೇ ಇಡಲಿ.

ದೋಸೆಯ ಬಗ್ಗೆ ಒಂದು ಮಾತು. ದಾವಣಗೆರೆಯ ಗಡಿಯಾರ ಕಂಬದ ಹತ್ತಿರ ಕಟ್ಟಿಸಿಕೊಂಡರೆ ಜಗಳೂರು ಮುಟ್ಟುವಷ್ಟರಲ್ಲಿ ಅದು ತಣ್ಣಗಾಗಿ ತೊಗಲಾಗುತ್ತದೆ. ಹಿಂದಿನ ರಾತ್ರಿಯೇ ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿ ಇಟ್ಟು, ಪಾಡ್ಯದ ಬೆಳಿಗ್ಗೆ ಒಂದು ಒಲೆ ಖಾಲಿ ಬಿಡಿಸಿಕೊಂಡು, ಬೆಣ್ಣೆ ಹಾಕಿ ಅವರೇ ಒಂದು ದೋಸೆ ಹುಯ್ಯಲಿ. ಅಪ್ಪನಿಗೆ ಇಷ್ಟವಾದದ್ದನ್ನು ಎಡೆಯಲ್ಲಿ ಇಡುವುದು ರೂಢಿಯೇ. ಅದನ್ನು ಒಳಗೆ ಒಯ್ಯುವುದು ಯಾರು ಎಂಬುದು ಆ ಕ್ಷಣಕ್ಕೆ ಬಿಟ್ಟದ್ದು. ತಮ್ಮನ ಕೈಗೆ ಕೊಟ್ಟು ಹಿತ್ತಲಿಗೆ ಹೋದರೂ ಹೋಗಲಿ. ದಯವಿಟ್ಟು ಇದನ್ನು ಬಲೆಯಾಗಿ ಬಳಸಬೇಡಿ. ‘ನೋಡಿದಿರಾ, ಕೊನೆಗೂ ಎಡೆ ಇಟ್ಟಿರಿ’ ಎಂದು ನೀವಾಗಲಿ ಅತ್ತೆಯಾಗಲಿ ಅಂದರೆ ಮುಂದಿನ ವರ್ಷ ಅವರು ಊರಿಗೇ ಬರುವುದಿಲ್ಲ. ಧೋತರದ ಮಾತೂ ಅಷ್ಟೇ. ಉಡಲು ಮಂತ್ರ ಬೇಕಿಲ್ಲ, ನಂಬಿಕೆ ಬೇಕಿಲ್ಲ. ಉಡುತ್ತೀರಾ ಎಂದು ಒಮ್ಮೆ ಕೇಳಿ, ಎರಡನೇ ಸಲ ಕೇಳಬೇಡಿ.

ಇಷ್ಟಾದ ಮೇಲೂ ಅವರು ಬರುವುದಿಲ್ಲ ಎಂದರೆ ನೀವು ಮಗಳನ್ನು ಕರೆದುಕೊಂಡು ಹೋಗಿ. ನೆಪ ಹೇಳದೆ, ‘ಅತ್ತೇ, ಅವರಿಗೆ ಇನ್ನೂ ಆಗುತ್ತಿಲ್ಲ, ನಾವು ಬಂದಿದ್ದೇವೆ’ ಎನ್ನಿ. ‘ಬರಬೇಡಿ’ ಎಂದು ಫೋನಿನಲ್ಲಿ ಹೇಳಿದ ಅಜ್ಜಿ, ಹೊಸಿಲಿಗೆ ಬಂದ ಮೊಮ್ಮಗಳನ್ನು ಹಿಂದಕ್ಕೆ ಕಳಿಸಿದ್ದನ್ನು ನಾನಂತೂ ನೋಡಿಲ್ಲ.

ಮಗಳ ಪ್ರಶ್ನೆ ಒಳ್ಳೆಯ ಪ್ರಶ್ನೆ, ಅದಕ್ಕೆ ಗದರಬೇಡಿ. ‘ನನಗೆ ಕೈ ಮುಗಿದರೆ ಮನಸ್ಸು ಹಗುರಾಗುತ್ತದೆ, ಅಪ್ಪನಿಗೆ ಹಾಗೆ ಆಗುವುದಿಲ್ಲ, ನಿನಗೆ ಏನಾಗುತ್ತದೆ ಎಂದು ನೀನೇ ನೋಡು’ ಎನ್ನಿ. ಇದನ್ನೇ ಅಪ್ಪನೂ ಹೇಳಲಿ. ಪಾಡ್ಯದ ಬೆಳಿಗ್ಗೆ ಅವಳನ್ನು ಅಜ್ಜಿಯ ಜೊತೆ ಹಟ್ಟಿಲಕ್ಕವ್ವನನ್ನು ಮಾಡಲು ಕೂರಿಸಿ. ಸಗಣಿ ಉಂಡೆ ಕಟ್ಟಿ, ಉತ್ತರಾಣಿ ಕಡ್ಡಿ, ಚೆಂಡುಹೂವು ಸಿಕ್ಕಿಸುವಾಗ ಅಜ್ಜಿ ಏನೇನು ಹೇಳುತ್ತಾರೋ ಕೇಳಲಿ. ಅಜ್ಜನ ಕಥೆಯೂ ಅಲ್ಲೇ ಬರುತ್ತದೆ.

ಹಬ್ಬ ಮುಗಿಸಿ ಬಂದ ಮೇಲೆ ನನಗೆ ಒಂದು ಪತ್ರ ಬರೆಯಿರಿ. ಟ್ರಂಕಿನಲ್ಲಿ ಎಷ್ಟು ಧೋತರ ಉಳಿದಿವೆ ಎಂದು ತಿಳಿಸಿ. ಮೂರೂ ಉಳಿದಿದ್ದರೂ ಬರೆಯಿರಿ.