ಹೊಸ ಥರ್ಮೋ ಸ್ವಿಚ್ ಹಾಕಿದರೂ ಫ್ಯಾನ್ ತಿರುಗದಿದ್ದರೆ

ಪ್ರಶ್ನೆ: ನನ್ನ ಹಳೆಯ ಕಾರು ಹೈವೇಯಲ್ಲಿ ಬಿಸಿಯಾಗುವುದಿಲ್ಲ. ಟ್ರಾಫಿಕ್‌ನಲ್ಲಿ ನಿಂತರೆ ಮುಳ್ಳು ಏರುತ್ತದೆ, ರೇಡಿಯೇಟರ್ ಫ್ಯಾನ್ ತಿರುಗುವುದೇ ಇಲ್ಲ. ಬಿಸಿಯೇರಿದಾಗ ಫ್ಯಾನ್ ಆನ್ ಮಾಡುವ ಥರ್ಮೋ ಸ್ವಿಚ್ ಬದಲಿಸಿದರೂ ಅದೇ ಕಥೆ. ಏನು ಮಾಡಲಿ?

ಉತ್ತರ: ಓಡುವಾಗ ತಣ್ಣಗಿದೆ ಎಂದರೆ ವಾಟರ್ ಪಂಪ್, ಥರ್ಮೋಸ್ಟಾಟ್ ಬಗ್ಗೆ ಸದ್ಯಕ್ಕೆ ಅನುಮಾನ ಬೇಡ. ಎದುರುಗಾಳಿ ಫ್ಯಾನಿನ ಕೆಲಸ ಮಾಡುತ್ತಿದೆ, ಅಷ್ಟೇ.

ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ರೇಡಿಯೇಟರಿನಲ್ಲಿರುವ ಸ್ವಿಚ್‌ನ ಕನೆಕ್ಟರ್ ಕಳಚಿ, ಕನೆಕ್ಟರಿನ ಎರಡು ಟರ್ಮಿನಲ್‌ಗಳನ್ನು ವೈರಿನ ತುಂಡಿನಿಂದ ಜೋಡಿಸಿ. ವೈರು ದಪ್ಪಗಿರಲಿ; ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಇಲ್ಲದ ಕಾರುಗಳಲ್ಲಿ ಫ್ಯಾನಿನ 10 ಆಂಪಿಯರಿಗೂ ಮೀರಿದ ಕರೆಂಟು ಈ ಸ್ವಿಚ್ಚಿನ ಮೂಲಕವೇ ಹರಿಯುತ್ತದೆ. ಒಂದೇ ವೈರಿನ ಸ್ವಿಚ್ ಆಗಿದ್ದರೆ ಆ ವೈರನ್ನು ಕಾರಿನ ಲೋಹದ ಬಾಡಿಗೆ ಮುಟ್ಟಿಸಿ. ಕೈ ಫ್ಯಾನಿನಿಂದ ದೂರವಿರಲಿ.

ಆಗಲೂ ತಿರುಗದಿದ್ದರೆ ಸ್ವಿಚ್ ನಿರಪರಾಧಿ. ಫ್ಯೂಸ್, ರಿಲೇ, ಅರ್ತ್ (ಕಾರಿನ ಬಾಡಿಯ ಜೊತೆಗಿನ ಸಂಪರ್ಕ) ನೋಡಿ. ಕೊನೆಗೆ ಮೋಟರಿಗೆ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಡಿ. ಮೆಲ್ಲಗೆ ತಟ್ಟಿದಾಗ ಮಾತ್ರ ತಿರುಗಿದರೆ ಮೋಟರಿನ ಬ್ರಷ್ ಸವೆದಿದೆ.

ಟರ್ಮಿನಲ್ ಜೋಡಿಸಿದಾಗ ಫ್ಯಾನ್ ತಿರುಗಿತು ಎಂದರೆ ವೈರಿಂಗ್ ಸರಿಯಿದೆ, ಸ್ವಿಚ್ಚಿಗೆ ಬಿಸಿ ತಲುಪುತ್ತಿಲ್ಲ ಅಥವಾ ಅದರ ರೇಟಿಂಗ್ ತಪ್ಪು. ಸ್ವಿಚ್ಚಿನ ಮೇಲೆ 95/84 ಎಂದು ಕೆತ್ತಿದ್ದರೆ 95 ಡಿಗ್ರಿ ಸೆಲ್ಸಿಯಸ್‌ಗೆ ಆನ್, 84ಕ್ಕೆ ಆಫ್. ಒಳಗಿನ ಬೈಮೆಟಲ್ (ಎರಡು ಲೋಹ ಬೆಸೆದ) ಬಿಲ್ಲೆ ಬಿಸಿಗೆ ಟಕ್ಕನೆ ಮಗುಚಿ ಕಾಂಟಾಕ್ಟ್ ಸೇರಿಸುತ್ತದೆ. ಆನ್‌ಗೂ ಆಫ್‌ಗೂ ಈ ಅಂತರ ಇಲ್ಲದಿದ್ದರೆ ಫ್ಯಾನ್ ಗಳಿಗೆಗೊಮ್ಮೆ ಆನ್-ಆಫ್ ಆಗುತ್ತಿರುತ್ತದೆ. ಹೊಸದರ ರೇಟಿಂಗ್ ಮೂಲ ಸ್ವಿಚ್ಚಿನದಕ್ಕೆ ತಾಳೆಯಾಗಲೇಬೇಕು. ಪರೀಕ್ಷಿಸಲು ಹಿತ್ತಾಳೆ ತುದಿಯನ್ನು ಪಾತ್ರೆಯ ನೀರಿನಲ್ಲಿ ತಳ ತಾಗದಂತೆ ಇಳಿಬಿಟ್ಟು ಕಾಯಿಸಿ, ಥರ್ಮಾಮೀಟರ್ ಇಟ್ಟು, ಎಷ್ಟು ಡಿಗ್ರಿಗೆ ಕಾಂಟಾಕ್ಟ್ ಸೇರುತ್ತದೆ ಎಂದು ಮಲ್ಟಿಮೀಟರಿನಲ್ಲಿ ನೋಡಿ.

ಸ್ವಿಚ್ ಬದಲಿಸಿದ ಮೇಲೆ ಹೆಚ್ಚಾಗಿ ಕಾಡುವುದು ಏರ್‌ಲಾಕ್. ತುದಿ ಕೂಲಂಟ್‌ನಲ್ಲಿ ಮುಳುಗದೆ ಗಾಳಿಗುಳ್ಳೆಯಲ್ಲಿ ಕುಳಿತರೆ ಎಂಜಿನ್ ಕುದಿಯುತ್ತಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ಕ್ಯಾಪ್ ತೆಗೆಯಿರಿ. ಹೀಟರನ್ನು ಪೂರ್ತಿ ಬಿಸಿಗಿಟ್ಟು ಕೂಲಂಟ್ ತುಂಬಿಸಿ, ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ಕಾಯಿರಿ. ಆಮೇಲೆ ಮುಚ್ಚಿ, ಮುಳ್ಳಿನ ಮೇಲೆ ಕಣ್ಣಿಟ್ಟು, ಫ್ಯಾನ್ ಎರಡು ಸಲ ಆನ್-ಆಫ್ ಆಗುವವರೆಗೆ ಎಂಜಿನ್ ಓಡಿಸಿ. ಕೆಸರು ಕಟ್ಟಿಕೊಂಡ ರೇಡಿಯೇಟರಿನಲ್ಲೂ ಇದೇ ತೊಂದರೆ: ಮೇಲ್ಭಾಗ ಸುಡುತ್ತಿದ್ದರೂ ಸ್ವಿಚ್ ಇರುವ ಮೂಲೆ ತಣ್ಣಗಿರುತ್ತದೆ.

ಒಂದೇ ವೈರಿನ ಸ್ವಿಚ್ಚಿಗೆ ಟೆಫ್ಲಾನ್ ಟೇಪ್ ಸುತ್ತಿದ್ದರೆ ಬಿಚ್ಚಿಬಿಡಿ. ಅದಕ್ಕೆ ಅರ್ತ್ ಸಿಗುವುದೇ ಥ್ರೆಡ್ಡಿನಿಂದ.