ಬ್ಯಾಲೆಯ ಉಡುಪು ಹಗುರವಾದದ್ದು ಯಾವಾಗ?

ಪ್ರಶ್ನೆ: ನಮ್ಮ ಭಾಗದ ದೊಡ್ಡಾಟದಲ್ಲಿ ಪಾತ್ರಧಾರಿಗಳು ಕಿರೀಟ, ಭುಜಕೀರ್ತಿಗಳ ಭಾರ ಹೊತ್ತೇ ಕುಣಿಯುತ್ತಾರೆ. ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಬ್ಯಾಲೆ ನರ್ತಕರ ಉಡುಪು ಇಂದಿನಂತೆ ಹಗುರವಾಗಿತ್ತೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಇರಲಿಲ್ಲ. ಆ ಶತಮಾನದ ಆರಂಭದಲ್ಲಿ ಪ್ಯಾರಿಸ್ ಒಪೆರಾದ ನರ್ತಕಿಯರು ಅರಮನೆಯ ಉಡುಪನ್ನೇ ಹೋಲುವ, ಒಳಗಿನ ಬಳೆಯಾಕಾರದ ಪಟ್ಟಿಗಳಿಂದ ಸೊಂಟದ ಎರಡೂ ಬದಿಗೆ ಹರಡಿ ನಿಲ್ಲುವ ಉದ್ದನೆಯ ಲಂಗವನ್ನೂ ಬಿಗಿಯಾದ ಕುಪ್ಪಸವನ್ನೂ ಹಿಮ್ಮಡಿ ಎತ್ತರವಿದ್ದ ಪಾದರಕ್ಷೆಗಳನ್ನೂ ಧರಿಸುತ್ತಿದ್ದರು. ಗಂಡಸರಿಗೂ ತೊಡೆಯ ಮೇಲೆ ಸೆಟೆದು ನಿಲ್ಲುವ ಗಿಡ್ಡ ಲಂಗ, ಗರಿಗಳ ಶಿರೋಭೂಷಣ ಮತ್ತು ಮುಖವಾಡಗಳಿದ್ದವು.

1726ರಲ್ಲಿ ಪ್ಯಾರಿಸ್ ರಂಗವನ್ನು ಪ್ರವೇಶಿಸಿದ ಮರಿ ಕಮಾರ್ಗೊ, ಜಿಗಿದು ಗಾಳಿಯಲ್ಲೇ ಪಾದಗಳನ್ನು ಚುರುಕಾಗಿ ಅದಲುಬದಲು ಮಾಡುವ ತನ್ನ ಚಳಕವು ಪ್ರೇಕ್ಷಕರಿಗೆ ಕಾಣಬೇಕೆಂದು ಲಂಗವನ್ನು ಕಣಕಾಲಿನ ಮೇಲಕ್ಕೆ ಏರಿಸಿದಳು. ಆದರೆ ಅವಳಿಗಿಂತ ಹೆಚ್ಚಿನ ಧೈರ್ಯ ಮರಿ ಸಾಲೆಯದೆಂದು ನಮಗನಿಸುತ್ತದೆ: 1734ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಅವಳು ಆ ಹರಡು ಲಂಗವನ್ನೇ ಬಿಟ್ಟು, ಗ್ರೀಕ್ ಶಿಲ್ಪಗಳಂತೆ ಮೈಗೆ ಇಳಿಬಿದ್ದ ತೆಳು ಮಸ್ಲಿನ್ ಉಡುಪಿನಲ್ಲಿ, ತಲೆಗೂದಲನ್ನು ಬಿಟ್ಟುಕೊಂಡು ನರ್ತಿಸಿದಳು.

ಮುಖವಾಡವು ಮುಖದ ಭಾವವನ್ನು ಮುಚ್ಚುತ್ತದೆಂದು ನೃತ್ಯ ಸಂಯೋಜಕ ನೊವೆರ್ 1760ರಲ್ಲಿ ಪ್ರಕಟಿಸಿದ ಪತ್ರರೂಪದ ಗ್ರಂಥದಲ್ಲಿ ಕಟುವಾಗಿ ವಾದಿಸಿದನು. ಮುಂದಿನ ದಶಕಗಳಲ್ಲಿ ಅದರ ಬಳಕೆ ನಿಂತುಹೋಯಿತು. ಇಂದು ಬ್ಯಾಲೆಯೆಂದೊಡನೆ ನೆನಪಾಗುವ ಬಿಳಿಯ ಜಾಲರಿ ಲಂಗ ಮತ್ತು ಬೆರಳ ತುದಿಯ ಮೇಲಿನ ನರ್ತನ ರೂಢಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ.